ಪಂಪು ನೀರು ಹಿಡಿಯುವ ತನಕ

ಏಪ್ರಿಲ್ 5, ಭಾನುವಾರ

ಇವತ್ತು ಹಿರೇಕೆರೆ ಏರಿಯ ಮೇಲೆ ಲಾರಿ ಚಾಲಕನೊಬ್ಬನ ಹಲ್ಲು ಉದುರಿದವು.

ಬೆಳಿಗ್ಗೆ ಶಿಕಾರಿಪುರದ ಕಡೆಯಿಂದ ಉದ್ದನೆಯ ಲಾರಿ ಒಂದು ದೋಣಿಯನ್ನು ಹೊತ್ತು ಬಂತು. ದೋಣಿಯೆಂದರೆ ನಾವು ಕಂಡ ಹರಿಗೋಲಲ್ಲ. ಗಾಜಿನ ಕಿಟಕಿ, ಒಳಗೆ ಸೋಫಾ, ಏಸಿ, ಎಲ್ಲ ಇರುವ ಬಸ್ಸಿನಂಥದ್ದು. ಲಾರಿ ತಿರುಗುವಾಗ ಏರಿಯ ಕಲ್ಲುಕಟ್ಟಣೆ ಕುಸಿಯಿತು. ಕೇಳಲು ಹೋದವರಿಗೆ ಚಾಲಕ ತಾಯಿಯ ಹೆಸರೆತ್ತಿ ಬೈದ. ಮರುಕ್ಷಣ ಅವನು ನೆಲದ ಮೇಲಿದ್ದ, ನಾಲ್ಕೈದು ಜನ ತುಳಿಯುತ್ತಿದ್ದರು. ನಾನು ನುಗ್ಗಿ ಅವನ ಮೇಲೆ ಅಡ್ಡ ಬಗ್ಗಿ ನಿಂತೆ.

"ಸರೀರಿ ಲೈಬ್ರರಿ ಸಾರ್, ನಿಮಗೂ ಬೀಳ್ತದೆ," ಎಂದು ನಮ್ಮೂರ ಕೂಲಿಯಾಳು ಸಣ್ಣಬೀರಪ್ಪ ಕಾಲು ಎತ್ತಿದ್ದ.

"ಬೀಳಲಿ. ಮೊದಲು ನನ್ನ ತುಳಿ," ಎಂದೆ. ಕಾಲು ಇಳಿಯಿತು. ಚಾಲಕ ಸೊರಬದ ಠಾಣೆಗೆ ಹೋಗಿ ಸಣ್ಣಬೀರಪ್ಪನ ಹೆಸರನ್ನೇ ಬರೆಸಿದ್ದಾನಂತೆ.

ಸೊರಬದ ಕಾಲೇಜಿನಲ್ಲಿ ಆಯುಷ್ಯವೆಲ್ಲ ಪುಸ್ತಕ ಕಾದವನು ನಾನು. ಹೊಡೆದಾಟದಿಂದ ಉದ್ಧಾರವಾದ ಊರನ್ನು ಯಾವ ಪುಸ್ತಕದಲ್ಲೂ ಕಂಡಿಲ್ಲ. ನಲವತ್ತೆರಡರಲ್ಲಿ ಬ್ರಿಟಿಷರ ಮೇಲೆ ಎದ್ದ ಈಸೂರಿನ ಹೆಸರು ಹೇಳಿ ತೋಳೇರಿಸುವ ಹುಡುಗರಿಗೆ ಹೇಳಿದೆ: ಈಸೂರಿನಲ್ಲಿ ಆಮೇಲೆ ಎಷ್ಟು ಮನೆಗಳ ದೀಪ ಆರಿತೆಂದು ತಿಳಿದುಕೊಂಡು ಆ ಹೆಸರು ಎತ್ತಿ.

ದೋಣಿ ಶಿಕಾರಿಪುರದ ರೇಣುಕಾಪ್ರಸಾದನದು. ಇವನ ಅಪ್ಪ ನಮ್ಮ ಕೆರೆಯ ಹಳೇ ತೂಬಿನ ಕಲ್ಲುಕಂಬಗಳನ್ನು ಗಾಡಿಗೆ ಹೇರಿಕೊಂಡು ಹೋಗಿ ತನ್ನ ಅಕ್ಕಿ ಗಿರಣಿಯ ಬಾಗಿಲಿಗೆ ನಿಲ್ಲಿಸಿದ್ದ. ಊರು ಮರೆತಿದೆ. ನಾನು ಮರೆತಿಲ್ಲ. ಈಗ ಮಗನ ಯೋಜನೆ ಹೀಗೆ: ಮೇ ಹತ್ತಕ್ಕೆ ಕೆರೆಬೇಟೆ ಇದೆ. ನೀರನ್ನು ಸೊಂಟದ ಮಟ್ಟಕ್ಕಿಳಿಸಿ, ಸುತ್ತ ಊರಿನವರೆಲ್ಲ ಕೂಣಿ ಹಿಡಿದು, ಎಂದರೆ ತಳವಿಲ್ಲದ ಆ ಬಿದಿರ ಬುಟ್ಟಿ ಹಿಡಿದು, ಒಟ್ಟಿಗೆ ಕೆರೆಗೆ ಬಿದ್ದು ಮೀನು ಹಿಡಿಯುವ ದಿನ. ಅಂದು ಇವನು ಗಣ್ಯರನ್ನು ತಣ್ಣನೆಯ ಗಾಜಿನ ಕೋಣೆಯಲ್ಲಿ ಕೂರಿಸಿ, ಕೆಸರಿನಲ್ಲಿ ಹೊರಳುವ ನಮ್ಮ ಜನರನ್ನು ತೋರಿಸುತ್ತಾನಂತೆ. ಮೃಗಾಲಯದಲ್ಲಿ ತೋರಿಸಿದ ಹಾಗೆ!

ಆ ದೋಣಿ ಮೇ ಹತ್ತರೊಳಗೆ ಕೆರೆ ಬಿಡಬೇಕು. ಬಿಡಿಸುತ್ತೇನೆ.

"ನೀವು ಮೀನು ಮುಟ್ಟೋರಲ್ಲ, ನಿಮಗೆಂತ ಸಾರ್ ಮೀನಿನ ಚಿಂತೆ?" ಎಂದು ಸಣ್ಣಬೀರಪ್ಪನ ಹೆಂಡತಿ ಲೋಕಮ್ಮ ನಗುತ್ತಾಳೆ. ಇದು ಮೀನಿನ ಪ್ರಶ್ನೆಯಲ್ಲ ಎಂದು ಅವಳಿಗೆ ಹೇಗೆ ತಿಳಿಸುವುದು?

ಏಪ್ರಿಲ್ 12, ಭಾನುವಾರ

ಮಗಳು ಶರಣ್ಯ ಮತ್ತು ಅಳಿಯಂದಿರು ಬಂದಿದ್ದರು. ನಾಗರಾಜ್ ಅವರದು ಶಿಕಾರಿಪುರದಲ್ಲಿ ಫ್ರಿಜ್ಜು, ಏಸಿ ರಿಪೇರಿ ಅಂಗಡಿ. ಸಾಧು ಮನುಷ್ಯರು. ಊಟಕ್ಕೆ ಕೂತಾಗ ಶರಣ್ಯಳೇ ಸುದ್ದಿ ಹೇಳಿದಳು: ಆ ದೋಣಿಯ ಏಸಿ ನೋಡಿಕೊಳ್ಳುವ ಕೆಲಸ ಅವರಿಗೆ ಸಿಕ್ಕಿದೆ.

"ಬೇರೆ ಕೆಲಸ ಸಿಗಲಿಲ್ಲವೇನಮ್ಮ?"

"ಮಳೆ ಬಿತ್ತು ಅಂದ್ರೆ ಅಂಗಡೀಲಿ ನೊಣ ಹೊಡೀಬೇಕು ಅಪ್ಪಾ. ಇದು ವರ್ಷಪೂರ್ತಿ ಕೆಲಸ."

ಸಂಜೆ ನಾಗರಾಜ್ ಅವರೇ ನನ್ನನ್ನು ದೋಣಿಗೆ ಕರೆದೊಯ್ದರು. ಶತ್ರುವಿನ ಕೋಟೆ ನೋಡಿದ ಹಾಗಾಗುತ್ತದೆಂದು ಹೋದೆ. ನೆಲದ ಹಲಗೆ ಎತ್ತಿದರೆ ಕೆಳಗೆ ಗುಂಡಿ. ಅದರಲ್ಲಿ ಮೊಲದ ಗಾತ್ರದ ಒಂದು ಪಂಪು.

"ಮನಿ ಏಸಿ ಬಿಸಿನ ಗಾಳಿಗೆ ಬಿಡತೈತಿ ಮಾವಾರ, ಇದು ಕೆರಿ ನೀರಿಗೆ ಬಿಡತೈತಿ. ದೋಣಿ ತಳದಾಗ ಒಂದು ತೂತೈತಿ. ಅಲ್ಲಿಂದ ನೀರು ಎಳಕೊಂಡು, ಈ ಜಾಲರಿ ದಾಟಿಸಿ, ತಾಮ್ರದ ಕೊಳವಿ ಸುತ್ತಿಸಿ, ಪಕ್ಕದಾಗಿಂದ ಹೊರಗ ಉಗುಳತೈತಿ."

ಎಲ್ಲೋ ಕಡಲ ಹಿನ್ನೀರಿನಲ್ಲಿ ಓಡಿ ಸವೆದ ದೋಣಿ. ಕೊಳವೆಯೊಳಗೆ ಉಪ್ಪು, ಸುಣ್ಣ ಗಟ್ಟಿಕಟ್ಟಿವೆ. ಹೊರಗಿನ ದಾರಿ ಮುಚ್ಚಿ, ಆಸಿಡ್ ಬೆರೆಸಿದ ನೀರನ್ನು ಬಕೆಟ್ಟಿನಿಂದ ಕೊಳವೆಗೆ, ಕೊಳವೆಯಿಂದ ಮತ್ತೆ ಬಕೆಟ್ಟಿಗೆ ಸುತ್ತಿಸಿದರು. ನೊರೆ ಎದ್ದು ನೀರು ಹಸಿರಾಯಿತು. ಆ ಕೊಳಕನ್ನೆಲ್ಲ ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು ಬೈಕಿಗೆ ಕಟ್ಟಿದರು.

"ಒಂದು ಹನಿ ಕೆರಿಗೆ ಬಿಡಂಗಿಲ್ಲ ಮಾವಾರ. ದನ ಕುಡೀತಾವ."

ಆಮೇಲೆ ಪಂಪು ಹಾಕಿದರೆ ಬರೀ ಗರಗರ ಸದ್ದು, ನೀರಿಲ್ಲ. ಒಳಗೆ ಗಾಳಿ ಸಿಕ್ಕಿಕೊಂಡಿದೆಯಂತೆ. ನಮ್ಮ ತೋಟದ ಮೋಟರಿಗೆ ಬಿಂದಿಗೆಯಲ್ಲಿ ನೀರು ಹೊಯ್ದು ಹಿಡಿಸುವ ಹಾಗೆಯೇ, ಮೇಲಿನ ತಿರುಪು ಸಡಿಲಿಸಿ, ಮಗ್ಗಿನಿಂದ ನೀರು ಹೊಯ್ದು, ಗುಳ್ಳೆಗಳೆಲ್ಲ ಹೊರಡುವ ತನಕ ತಿರುಪಿನ ಮೇಲೆ ಬೆರಳಿಟ್ಟು ಕಾದರು. ಥಟ್ಟನೆ ಪಂಪಿನ ದನಿ ದಪ್ಪಗಾಯಿತು. ಪಕ್ಕದ ಕಂಡಿಯಿಂದ ನೀರು ಚಿಮ್ಮಿತು. "ಹಿಡೀತು!" ಎಂದು ಅಳಿಯಂದಿರು ಕೆಸರು ಮುಖದಲ್ಲಿ ನಕ್ಕರು. ಕೆಲಸದಲ್ಲಿ ಇಷ್ಟು ಸಂತೋಷಪಡುವವರ ಮೇಲೆ ಸಿಟ್ಟಾಗುವುದು ಕಷ್ಟ.

ಏಪ್ರಿಲ್ 16, ಗುರುವಾರ

ಮುಂಜಾನೆ ವಾಕಿಂಗ್ ಹೋದಾಗ ಕೆರೆಯ ಆಚೆ ದಡದಲ್ಲಿ ಉಚ್ಚಂಗಪ್ಪನ ಪಿಕಪ್ಪು ನಿಂತಿತ್ತು. ಉಚ್ಚಂಗಪ್ಪ ಕೆರೆಬೇಟೆ ಸಮಿತಿಯ ಅಧ್ಯಕ್ಷ. ಪಿಕಪ್ಪಿನ ಹಿಂದೆ ಐಸಿನ ಡಬ್ಬಿಗಳು. ಸಣ್ಣಬೀರಪ್ಪ ಬಲೆ ಒಗೆಯುತ್ತಿದ್ದ. ಜೊಂಡು ತೆಗೆಸುತ್ತಿದ್ದೇನೆ ಎಂದ ಉಚ್ಚಂಗಪ್ಪ. ಕೆರೆಯ ಬಗ್ಗೆ ಕಾಳಜಿ ಇರುವವರು ಊರಿನಲ್ಲಿ ಇನ್ನೂ ಇದ್ದಾರೆ.

ಏಪ್ರಿಲ್ 22, ಬುಧವಾರ

ಬರೆಯಲು ಬಲಗೈ ಸರಿಯಾಗಿ ಬಗ್ಗುತ್ತಿಲ್ಲ.

ಇವತ್ತು ಬೇಟೆಗೆಂದು ತೂಬು ಎತ್ತುವುದಿತ್ತು. ರೇಣುಕಾಪ್ರಸಾದ ಆಳುಗಳ ಜೊತೆ ಕಾರಿನಲ್ಲಿ ಬಂದಿಳಿದ. "ನೀರು ಇಳಿಸಿದ್ರ ನನ್ನ ದೋಣಿ ಕೆಸರಾಗ ಕೂರತೈತಿ. ಯಾರಪ್ಪನ ಕೆರಿ ಅಂತ ತಿಳ್ಕೊಂಡೀರಿ?"

"ನಿಮ್ಮಪ್ಪನದಂತೂ ಅಲ್ಲ," ಎಂದೆ. "ಅವರು ಹೊತ್ತ ತೂಬಿನ ಕಂಬ ನಿಮ್ಮ ಗಿರಣಿ ಬಾಗಿಲಲ್ಲಿದೆ. ಮೊದಲು ಅದನ್ನು ತಂದಿಟ್ಟು ಆಮೇಲೆ ಮಾತಾಡಿ."

ಜನ ಹೋ ಎಂದು ನಕ್ಕರು. ನಗು ನಿಲ್ಲುವ ಮೊದಲೇ ಅವನ ಆಳೊಬ್ಬ ನನ್ನ ಅಂಗಿ ಹಿಡಿದು ಏರಿಯಿಂದ ಕೆಳಕ್ಕೆ ಎಸೆದ. ಕೆಸರಿಗೆ ಮುಖ ಕೆಳಗಾಗಿ ಬಿದ್ದೆ. ಕನ್ನಡಕ ಮುರಿದು ಗಾಜು ಹುಬ್ಬಿಗೆ ಹೊಕ್ಕಿತು. ಏಳಹೋದರೆ ಕುತ್ತಿಗೆಯ ಮೇಲೆ ಚಪ್ಪಲಿಯ ಕಾಲು. ಒತ್ತಿದ. ಬಾಯಿಗೆ ಕೆಸರು ಹೋಯಿತು. ಮೊಮ್ಮಕ್ಕಳ ವಯಸ್ಸಿನವರೆಲ್ಲ ಏರಿಯ ಮೇಲೆ ನಿಂತು ನೋಡುತ್ತಿದ್ದರು.

ದೋಣಿಯ ಮೇಲಿಂದ ನಾಗರಾಜ್ "ಬಿಡ್ರಲೇ ಅವರ್ನ!" ಎಂದು ಕೂಗಿದ್ದು ಕೇಳಿಸಿತು. ಇಳಿದು ಬರಲಿಲ್ಲ. ಎಲ್ಲ ಮುಗಿದ ಮೇಲೆ ಚೊಂಬಿನಲ್ಲಿ ನೀರು ಹಿಡಿದು ಬಂದ.

"ಪಂಪು ಬಿಚ್ಚಿದ್ದೆ ಮಾವಾರ. ಬಿಟ್ಟು ಬಂದಿದ್ರ ದೋಣಿಯೊಳಗ ನೀರು ನುಗ್ಗತಿತ್ತು. ಮುಚ್ಚಿ ಬರಾದ್ರಾಗ..."

ಪಂಪು!

ಆಮೇಲೆ ಪೊಲೀಸರು ಬಂದು ರಾಜಿ ಮಾಡಿದರು. ತೂಬು ಎತ್ತಿದ್ದಾಯಿತು. ದೋಣಿಯನ್ನು ತೂಬಿನ ಬಳಿಯ ಆಳದಲ್ಲಿ ಕಟ್ಟುವುದಂತೆ. ನನ್ನ ಕುತ್ತಿಗೆಯ ವಿಷಯ ರಾಜಿಯಲ್ಲಿ ಬರಲಿಲ್ಲ.

ಏಪ್ರಿಲ್ 26, ಭಾನುವಾರ

ದೇವಸ್ಥಾನದ ಅಂಗಳದಲ್ಲಿ ಸಭೆ. ಹುಬ್ಬಿನ ಹೊಲಿಗೆಯೊಂದಿಗೇ ಮಾತಾಡಿದೆ. ಕುಬಟೂರಿನ ಕಡೆಯ ಕಲ್ಲುಬರಹಗಳಿಂದ ಶುರುಮಾಡಿದೆ: ಕೆರೆ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪವೆಂದು ನಮ್ಮ ಹಿರಿಯರು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು ಎಂದೆ. ಜನ ಆಕಳಿಸಿದರು. ಒಬ್ಬ ಎದ್ದು ಹೋದ.

ಆಗ ಹೇಳಿದೆ: "ಆ ದೋಣಿಯ ಹೊಟ್ಟೆಯಲ್ಲಿ ಆಸಿಡ್ ಓಡುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ. ನೊರೆ ಬರುತ್ತದೆ, ಹಸಿರು ನೊರೆ. ಆ ದೋಣಿ ಕೆರೆಯ ನೀರು ಕುಡಿದು ಕೆರೆಗೇ ಉಗುಳುತ್ತದೆ."

ಆಮೇಲೆ ಎದ್ದ ಗದ್ದಲ! ಹೆಂಗಸರೂ ಎದ್ದು ನಿಂತರು. "ಸುಟ್ಟು ಹಾಕ್ರೋ ಅದ್ನ!" ಎಂದ ಯಾರೋ. ಅದು ತಪ್ಪು ಎಂದು ಹೇಳಬೇಕೆಂದಿದ್ದೆ. ಆದರೆ ಚಪ್ಪಾಳೆ ನಿಲ್ಲಲಿಲ್ಲ. ಕ್ಯಾನಿನ ವಿಷಯ ಹೇಳಲಿಲ್ಲ. ಸಭೆಗೆ ಅಷ್ಟು ವಿವರ ಬೇಡ.

ಇಷ್ಟು ವರ್ಷ ಪತ್ರಿಕೆಗಳಿಗೆ ಬರೆದೆ. ಒಬ್ಬರೂ ತಲೆ ಎತ್ತಿ ನೋಡಿರಲಿಲ್ಲ.

ಮೇ 1, ಶುಕ್ರವಾರ

ಜಡೆ ರಸ್ತೆಯಲ್ಲಿ ನಾಗರಾಜನ ಬೈಕಿಗೆ ಕಲ್ಲು ಬಿದ್ದಿದೆ. ಒಂದು ಹಣೆಗೆ, ಒಂದು ಎದೆಗೆ. "ಆಸಿಡ್ ನಾಗ, ಆಸಿಡ್ ನಾಗ" ಎಂದು ಕೂಗುತ್ತ ಹೊಡೆದರಂತೆ. ಶರಣ್ಯ ಫೋನಿನಲ್ಲಿ ಅತ್ತಳು.

"ಆಸಿಡ್ಡಿನ ಮಾತು ಊರಿಗೆ ಯಾರು ಹೇಳಿದ್ರು ಅಪ್ಪಾ? ಅವ್ರು ತೋರಿಸಿದ್ದು ನಿಮಗೆ ಒಬ್ರಿಗೇ."

"ನಿಜ ಹೇಳಿದ್ದೇನೆ."

"ಅರ್ಧ ನಿಜ ಹೇಳೀರಿ. ಅವ್ರ ರಕ್ತ ಮಾತ್ರ ಪೂರ್ತಿ ಬಂದದೆ."

ಕಲ್ಲು ಹೊಡೆದದ್ದು ತಪ್ಪೇ. ಆದರೆ ಜನರ ಕೈಗೆ ಕಲ್ಲು ಸುಮ್ಮನೆ ಬರುವುದಿಲ್ಲ. ಕೆಲಸ ಬಿಟ್ಟುಬಿಡಲಿ, ಹಣೆ ತಾನೇ ಮಾಯುತ್ತದೆ.

ಹೆಂಡತಿ ಶಕುಂತಲಮ್ಮ ಇವತ್ತು ನನಗೆ ಬಡಿಸಿ ಒಳಗೆ ಹೋದಳು. ಎದುರು ಕೂರಲಿಲ್ಲ.

ಮೇ 6, ಬುಧವಾರ

ಮಧ್ಯಾಹ್ನ ದೋಣಿಯ ಕಾವಲುಗಾರ ಊಟಕ್ಕೆ ಹೋದ ಹೊತ್ತಿನಲ್ಲಿ ಎದೆಮಟ್ಟದ ನೀರಿಗೆ ಇಳಿದೆ. ಕೋಣೆಯನ್ನು ತಣ್ಣಗಿಡಲು ಪಂಪು ಓಡುತ್ತಲೇ ಇತ್ತು. ದೋಣಿಯ ತಳ ತಡವಿದಾಗ ಆ ತೂತು ಸಿಕ್ಕಿತು. ಕರು ಚೀಪಿದಂತೆ ಬೆರಳನ್ನು ಎಳೆಯಿತು. ಗೋಣಿಯ ಚೂರು, ಜೊಂಡು, ಕೆಸರು ಸೇರಿಸಿ ತುರುಕಿದೆ. ಒಳಗಿನ ಸದ್ದು ಬದಲಾಯಿತು, ಕೀರಲಾಯಿತು. ಇನ್ನೂ ತುರುಕಿದೆ. ಅದು ಉಸಿರುಗಟ್ಟುವುದನ್ನು ಹಲಗೆಗೆ ಕಿವಿಯಿಟ್ಟು ಕೇಳಿದೆ.

ಇದನ್ನು ಹಿಂಸೆ ಎನ್ನಲಾಗದು. ಯಂತ್ರಕ್ಕೆ ಜೀವವಿಲ್ಲ.

ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮೇ 8, ಶುಕ್ರವಾರ

ಪಂಪು ಸುಟ್ಟಿದೆ. ರೇಣುಕಾಪ್ರಸಾದ ಎಲ್ಲರೆದುರು ನಾಗರಾಜನ ಕೆನ್ನೆಗೆ ಹೊಡೆದನಂತೆ, "ಮಾವ ಅಳಿಯ ಕೂಡಿ ನಾಟಕ ಹೂಡೀರೇನಲೇ" ಎಂದು.

"ಇನ್ನಾದರೂ ಬಿಟ್ಟು ಬರಲಿ," ಎಂದೆ ಶರಣ್ಯಳಿಗೆ.

"ಈಗ ಬಿಟ್ರೆ ಕಳ್ಳ ಅಂತಾರೆ. ದಾವಣಗೆರೆಗೆ ಹೋಗಿ ಹೊಸ ಪಂಪು ತರ್ತಾರೆ. ಹತ್ತನೇ ತಾರೀಕು ಓಡಿಸಿ ತೋರಿಸಿ, ಆಮೇಲೆ ಆ ಕಡೆ ಮುಖ ಹಾಕಲ್ಲ ಅಂದಾರೆ."

ಹೊಡೆಸಿಕೊಂಡೂ ಅಲ್ಲೇ ದುಡಿಯುತ್ತಾನೆ. ಬೆನ್ನೆಲುಬಿಲ್ಲದವನು.

ಮೇ 10, ಭಾನುವಾರ

ಇವತ್ತು ಬರೆಯಲಾರೆ.

ಮೇ 11, ಸೋಮವಾರ

ನಿನ್ನೆ ಆದದ್ದನ್ನು ಕ್ರಮವಾಗಿ ಬರೆದಿಡಬೇಕು. ನಾಳೆ ಪತ್ರಿಕೆಗಳು ತಿರುಚುತ್ತವೆ.

ಸುತ್ತಲ ಊರುಗಳ ಜನ ಕೂಣಿ ಹೊತ್ತು ಬೆಳಗಿನಿಂದ ಏರಿಯ ಮೇಲೆ ಕಿಕ್ಕಿರಿದಿದ್ದರು. ಎಲ್ಲರೂ ಸಮಿತಿಗೆ ದುಡ್ಡು ಕಟ್ಟಿ ಬಂದವರು. ಗರ್ನಾಲು ಸಿಡಿದದ್ದೇ ತಡ, ಕೆರೆಯೇ ಹೊಟ್ಟೆ ಬಿರಿದ ಹಾಗೆ ಕೂಗೆದ್ದಿತು. ಬಿದ್ದವರ ಮೇಲೆ ಬಿದ್ದರು. ಕೂಣಿ ಊರುವುದು, ಕೈಹಾಕಿ ತಡವುವುದು, ಕೀಳುವುದು. ಬಂದದ್ದು ಕಪ್ಪೆ, ಬಸವನಹುಳು, ಬೆರಳುದ್ದದ ಮರಿಗಳು. ಮತ್ತೆ ಊರಿದರು. ಮತ್ತೆ ಅದೇ. ಬಿಸಿಲೇರಿತು. ನೀರು ಕಪ್ಪು ಗಂಜಿಯಂತಾಯಿತು. ಒಬ್ಬನ ಕೈಗೆ ಒಂದು ಗೊಜ್ಜಲೆ ಮೀನು ಸಿಕ್ಕಿದ್ದಕ್ಕೆ ನಾಲ್ಕು ಜನ ಅವನನ್ನು ಕೆಸರಿನಲ್ಲಿ ಅದ್ದಿ ಅದನ್ನು ಕಿತ್ತುಕೊಂಡರು.

"ಎಲ್ರೋ ಮೀನು? ದುಡ್ಡು ವಾಪಸ್ ಕೊಡ್ರೋ!" ಜನ ಸಮಿತಿಯ ಪೆಂಡಾಲಿನ ಕಡೆ ತಿರುಗಿದರು. ಉಚ್ಚಂಗಪ್ಪನ ತಲೆಗೆ ಒಂದು ಕೂಣಿ ಬಂದು ಬಿತ್ತು. ಅವನು ಮೈಕನ್ನು ನನ್ನ ಕೈಗೆ ತುರುಕಿದ. "ಸಾರ್, ಹೇಳ್ರಿ ಇವ್ರಿಗೆ. ಮೀನು ಎಲ್ಲಿ ಹೋತು ಅಂತ ನೀವೇ ಹೇಳ್ರಿ."

ನಾನು ದೋಣಿಯ ಕಡೆ ಕೈ ತೋರಿಸಿದೆ. ಒಂದೇ ಮಾತು ಹೇಳಿದೆ: "ಆಸಿಡ್."

ಸಾವಿರ ತಲೆಗಳು ಒಟ್ಟಿಗೆ ತಿರುಗುವುದನ್ನು ಬದುಕಿನಲ್ಲಿ ಒಮ್ಮೆಯಾದರೂ ನೋಡಬೇಕು.

ಗಣ್ಯರು ಇನ್ನೂ ಬಂದಿರಲಿಲ್ಲ. ರೇಣುಕಾಪ್ರಸಾದ ದೋಣಿಯ ಮೇಲೆ ಹೂವಿನ ಹಾರ ಕಟ್ಟಿಸುತ್ತಿದ್ದ. ಅವನನ್ನು ಅದೇ ಹಾರ ಹಿಡಿದು ಕೆಳಗೆಳೆದರು. ಕೈ ಲಟಕ್ಕೆಂದದ್ದು ದಡದ ತನಕ ಕೇಳಿಸಿತು. ನಾಯಿಯಂತೆ ತೆವಳಿ ಕಾರು ಸೇರಿದ. ದೋಣಿಯ ಗಾಜುಗಳು ಒಂದೊಂದಾಗಿ ಉದುರಿದವು. ನಾನೂ ನೀರಿಗೆ ಇಳಿದಿದ್ದೆ. ಯಾರೂ ನನ್ನನ್ನು ತಳ್ಳಲಿಲ್ಲ, ದಾರಿ ಬಿಟ್ಟರು. ಪೆಂಡಾಲಿನ ಬಿದಿರು ಗಳವೊಂದು ನನ್ನ ಕೈಯಲ್ಲಿತ್ತು.

ದೋಣಿ ಹತ್ತಿದೆ. ಒಳಗೆ ನೆಲದ ಹಲಗೆ ತೆಗೆದಿತ್ತು. ನಾಗರಾಜ ಬೋರಲು ಮಲಗಿ, ತೋಳನ್ನು ಗುಂಡಿಯಲ್ಲಿ ಇಳಿಬಿಟ್ಟಿದ್ದ. ಹೊಸ ಪಂಪು ಗರಗರ ಎನ್ನುತ್ತಿತ್ತು. ನನ್ನನ್ನು ಕಂಡು ಅವನ ಮುಖ ಅರಳಿತು. ಕಾಪಾಡಲು ಬಂದೆನೆಂದುಕೊಂಡನೋ ಏನೋ.

"ಮಾವಾರ, ಬಂದ್ರಿ? ಚಣ ತಡೀರಿ, ಗಾಳಿ ಹೊಂಟೈತಿ. ಈಗ ಹಿಡೀತೈತಿ. ಓಡಿದ್ದು ಒಂದ್ಸಲ ಎಲ್ಲಾರಿಗೂ ತೋರಿಸಿ ಹೋಗೂಣು."

ಸುತ್ತ ಗಾಜು ಒಡೆಯುತ್ತಿದೆ, ಜನ ಕೊಲ್ಲಲು ಬಂದಿದ್ದಾರೆ, ಇವನು ತಿರುಪಿನ ಮೇಲಿನ ಬೆರಳು ತೆಗೆಯಲಿಲ್ಲ. ನನ್ನ ಕುತ್ತಿಗೆಯ ಮೇಲೆ ಚಪ್ಪಲಿ ಇದ್ದಾಗಲೂ ಇವನಿಗೆ ಪಂಪೇ.

ಹೊಡೆದೆ. ಮೊದಲನೆಯದು ಹೆಗಲಿಗೆ. ತಿರುಗಿ ನೋಡಿದ. ಎರಡನೆಯದು ಕಣ್ಣಿಗೆ ಬಿತ್ತು. ಆಗಲೂ ನಾನು ಗಳ ಎತ್ತಿದ್ದೆ. ಸಣ್ಣಬೀರಪ್ಪ ಹಿಂದಿನಿಂದ ಬಂದು ಅದನ್ನು ಹಿಡಿದುಕೊಂಡ. "ಸಾರ್! ನಿಮ್ಮ ಅಳಿಯ ಸಾರ್! ಸ್ವಂತ ಅಳಿಯ!" ಅವನ ಹಿಂದೆ ಬಾಗಿಲಲ್ಲಿ ಲೋಕಮ್ಮ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು.

ಅಷ್ಟರಲ್ಲಿ ಪಂಪಿನ ದನಿ ದಪ್ಪಗಾಯಿತು. ನೀರು ಹಿಡಿದಿತ್ತು. ಸ್ವಲ್ಪ ಹೊತ್ತಿಗೆ ಮೇಲಿನ ಕಿಂಡಿಯಿಂದ ತಣ್ಣನೆಯ ಗಾಳಿ ಬಂತು. ಸಣ್ಣಬೀರಪ್ಪ ರಕ್ತ ಸುರಿಯುವ ದೇಹವನ್ನು ಹೆಗಲಿಗೆ ಹಾಕಿಕೊಂಡು ನೀರಿಗೆ ಇಳಿದ. ನಾನು ಸೋಫಾದ ಮೇಲೆ ಕೂತೆ. ಬೆವರಿದ ಮೈಗೆ ಹಿತವಾಗಿತ್ತೆಂದು ಒಪ್ಪಿಕೊಳ್ಳಲೇಬೇಕು. ಬೆಂಕಿ ಇಟ್ಟಿದ್ದಾರೆಂದು ಯಾರೋ ಬಂದು ಎಬ್ಬಿಸಿದರು.

ಮೇ 14, ಗುರುವಾರ

ನಾಗರಾಜನ ಎಡಗಣ್ಣು ಉಳಿಯಲಿಲ್ಲ. ಶಿವಮೊಗ್ಗದ ಆಸ್ಪತ್ರೆಗೆ ಹೋಗಿದ್ದೆ. ಶರಣ್ಯ ವಾರ್ಡಿನ ಬಾಗಿಲಲ್ಲಿ ತೋಳು ಅಡ್ಡ ಹಿಡಿದು ನಿಂತಳು. ತಂದೆಯನ್ನು ಕಾರಿಡಾರಿನಲ್ಲಿ ನಿಲ್ಲಿಸುವ ಕಾಲ ಬಂತು. ಹೊಡೆದವರ ಮುಖ ನೋಡಲಿಲ್ಲ ಎಂದು ನಾಗರಾಜ ಪೊಲೀಸರಿಗೆ ಹೇಳಿದ್ದಾನಂತೆ.

ಪೊಲೀಸರು ಮಾಡಿದ್ದೇನು? ಸಣ್ಣಬೀರಪ್ಪನನ್ನು ಎಳೆದೊಯ್ದಿದ್ದಾರೆ! ಅಂಗಿಯಲ್ಲಿ ರಕ್ತವಿತ್ತಂತೆ, ಲಾರಿ ಚಾಲಕನ ಹಳೇ ದೂರು ಇತ್ತಂತೆ. ಬಡವನೆಂದರೆ ಕಾನೂನಿಗೆ ಎಷ್ಟು ಸಲೀಸು! ಒಂದು ಜೀವ ಉಳಿಸಿದವನನ್ನು ಒಳಗೆ ಹಾಕಿ, ಕೆರೆ ಕೆಡಿಸಿದವನಿಗೆ ಮುರಿದ ಕೈಗೆ ಕಟ್ಟು ಹಾಕಿಸಿ ಉಪಚಾರ ಮಾಡುತ್ತಾರೆ. ಸೋಮವಾರ ಸೊರಬದಲ್ಲಿ ಧರಣಿ ಕೂರುತ್ತೇನೆ. ನಿರಪರಾಧಿಯ ಬಿಡುಗಡೆಯಾಗಬೇಕು.

ಸಂಜೆ ಉಚ್ಚಂಗಪ್ಪ ಬಾಳೆಗೊನೆ ತಂದಿದ್ದ. "ಧರಣಿ ಗಿರಣಿ ಬ್ಯಾಡ ಸಾರ್, ಸುಮ್ನಿರಿ. ಊರೇ ನಿಮ್ಮ ಹಿಂದೈತೆ," ಎಂದ.

ಮೇ 17, ಭಾನುವಾರ

ಬೆಳಿಗ್ಗೆ ಲೋಕಮ್ಮ ಬಂದಳು. ಜಗುಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತಳು. ಗಂಡನ ಪರವಾಗಿ ಧರಣಿ ಕೂರುತ್ತೇನೆಂದು ಹೇಳಿದೆ. ಕೃತಜ್ಞತೆ ನಿರೀಕ್ಷಿಸಿದ್ದೆ.

"ಧರಣಿ ಎಂತಕೆ ಸಾರ್? ಠಾಣೆಗೆ ಹೋಗಿ ನಾ ಹೊಡೆದಿದ್ದು ಅಂದ್ರೆ ಸಾಕಲ್ಲ."

ಕೆರೆಗೆ ಆದ ಅನ್ಯಾಯವನ್ನು ವಿವರಿಸಹೋದೆ.

"ಆಸಿಡ್ ಬಿದ್ದಿದ್ರೆ ಕಪ್ಪೆ ಹೆಂಗೆ ಬದುಕಿದ್ವು ಸಾರ್? ಮೀನು ಉಚ್ಚಂಗಪ್ಪ ಬಾಚಿದ್ದು. ಬೇಟೆಗೆ ಮುಂಚೇನೇ ಬಲೆ ಹಾಕಿಸಿ, ಐಸಿನಾಗೆ ತುಂಬಿ ಹಾನಗಲ್ಲಿಗೆ ಸಾಗಿಸಿದ. ಬಲೆ ಎಳೆದಿದ್ದು ನನ್ನ ಗಂಡನೇ. ಬಾಯಿಬಿಟ್ರೆ ಕೂಲಿ ಹೋಗ್ತಿತ್ತು, ಅದ್ಕೆ ಸುಮ್ನಿದ್ವಿ. ಪಾಪ ನಮ್ದೂ ಐತೆ. ಆದ್ರೆ ಹೊಡೆದಿದ್ದು ನೀವು. ನಾ ನೋಡೀನಿ."

ಅವಳು ದನಿ ಏರಿಸಲಿಲ್ಲ. "ಅವ್ನು ನಿಮ್ಮ ಹೆಸ್ರು ಹೇಳ್ತಿಲ್ಲ. ಲೈಬ್ರರಿ ಸಾರು ಓದ್ದೋರು, ತಾವಾಗೇ ಬಂದು ಹೇಳ್ತಾರೆ ಅಂತ ಕಾಯ್ತಾ ಕುಂತಾನೆ. ಹೊಡ್ತ ತಿಂತಾ ಕುಂತಾನೆ."

ಇಂಥ ಮಾತನ್ನು ನನ್ನ ಅಂಗಳದಲ್ಲಿ ನಿಂತು! ಬಾಗಿಲ ಅಡ್ಡಪಟ್ಟಿ ನನ್ನ ಕೈಗೆ ಯಾವಾಗ ಬಂತೋ ತಿಳಿಯದು. ಇಳಿದು ಹೋದೆ. ಶಕುಂತಲಮ್ಮ ಎಲ್ಲಿಂದಲೋ ಬಂದು ನಡುವೆ ನಿಂತಳು. ಪಟ್ಟಿ ಅವಳ ಮೊಣಕೈಗೆ ತಾಗಿತು. ಬೇಕೆಂದು ಮಾಡಿದ್ದಲ್ಲ. ಅಡ್ಡ ಬಂದರೆ ತಾಗುತ್ತದೆ.

ಅವಳು ಅಳಲಿಲ್ಲ. ಜೋತುಬಿದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನನ್ನನ್ನೇ ನೋಡಿದಳು. "ಅಳಿಯನ ಕಣ್ಣಾತು. ನನ್ನ ಕೈಯಾತು. ಇನ್ಯಾರದ್ದು ಬಾಕಿ ಅದೆ ಹೇಳ್ರಿ, ಅವ್ರನ್ನೂ ಕರೀತೀನಿ."

ಚಪ್ಪಲಿ ಮೆಟ್ಟಿದಳು. ಲೋಕಮ್ಮ ಅವಳನ್ನು ಆತುಕೊಂಡಳು. ಇಬ್ಬರೂ ಜಡೆಯಿಂದ ಬರುವ ಸೊರಬದ ಬಸ್ಸು ಹತ್ತಿದ್ದನ್ನು ಜಗುಲಿಯಿಂದ ನೋಡಿದೆ. ಆಸ್ಪತ್ರೆಗಿಂತ ಮೊದಲು ಠಾಣೆ ಸಿಗುತ್ತದೆ.

ಮಧ್ಯಾಹ್ನ ನಾನೇ ಅನ್ನಕ್ಕಿಟ್ಟೆ. ತಳ ಹಿಡಿಯಿತು.

ಈಗ ಹೊರಗೆ ಜೀಪು ನಿಂತ ಸದ್ದು. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಇಲ್ಲಿಯ ತನಕ ನನ್ನ ಮಾತನ್ನು ಪೂರ್ತಿ ಕೇಳಿದವರೇ ಇಲ್ಲ. ಜಗುಲಿಗೆ ಕುರ್ಚಿ ಹಾಕಬೇಕು. ಅವರಿಗೆ ಎಲ್ಲವನ್ನೂ ಮೊದಲಿನಿಂದ ಹೇಳಲು ಹೊತ್ತು ಹಿಡಿಯುತ್ತದೆ.